ಬಳ್ಳಾರಿ ಬಿಸಿಲಿನಲ್ಲಿ ಸಣ್ಣ ರೀಫ್ ಟ್ಯಾಂಕ್: ಯಾವ ಕಲ್ಲು ತರಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದೇನೆ. ಸಿಹಿನೀರಿನ ಮೀನು ಸಾಕಿ ಅಭ್ಯಾಸವಿದೆ. ಈಗ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಉಪ್ಪುನೀರಿನ ರೀಫ್, ಅಂದರೆ ಹವಳದ ತೋಟ, ಮಾಡಬೇಕು ಅಂತ ಆಸೆ. ಎಲ್ಲರೂ ಮೊದಲು ಲೈವ್ ರಾಕ್ ಹಾಕಿ ಅನ್ನುತ್ತಾರೆ. ಬೆಂಗಳೂರಿನ ಅಂಗಡಿಯವರೊಬ್ಬರು ಕೆಜಿ ಲೆಕ್ಕದಲ್ಲಿ ಕೊಡುತ್ತೇವೆ ಅಂದರು, ರೇಟು ಕೇಳಿ ಗಾಬರಿಯಾಯಿತು. ನಮ್ಮ ಭಾವ ರಾಮೇಶ್ವರಕ್ಕೆ ಹೊರಟಿದ್ದಾರೆ, ಅಲ್ಲಿಂದ ಹವಳದ ಕಲ್ಲು ತಂದುಕೊಡುತ್ತೇನೆ ಅನ್ನುತ್ತಾರೆ. ಗೆಳೆಯರೊಬ್ಬರು ಸಂಡೂರು ಗುಡ್ಡದ ಕಲ್ಲನ್ನೇ ಕುದಿಸಿ ಹಾಕು ಅಂತಾರೆ. ಯಾವುದು ಸರಿ? ಎಷ್ಟು ಕೆಜಿ ಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಟ್ಯಾಂಕಿಗೆ ನಾಲ್ಕರಿಂದ ಐದು ಕೆಜಿ ಒಣ ರೀಫ್ ಕಲ್ಲು ತನ್ನಿ. ಅಂಗಡಿಯಲ್ಲಿ ಇದಕ್ಕೆ ಡ್ರೈ ರಾಕ್ ಅನ್ನುತ್ತಾರೆ. ಅದರ ಜೊತೆಗೆ, ಚೆನ್ನಾಗಿ ನಡೆಯುತ್ತಿರುವ ಯಾರದಾದರೂ ಹಳೆಯ ರೀಫ್ ಟ್ಯಾಂಕಿನಿಂದ ಕಾಲು ಕೆಜಿ, ಸಿಕ್ಕರೆ ಅರ್ಧ ಕೆಜಿ, ಜೀವ ತುಂಬಿದ ಕಲ್ಲಿನ ಚೂರು ತನ್ನಿ. ರಾಮೇಶ್ವರದ ಕಲ್ಲು ಬೇಡವೇ ಬೇಡ. ಸಂಡೂರಿನದೂ ಬೇಡ. ಮತ್ತೆ, ಯಾವ ಕಲ್ಲನ್ನೂ ಕುದಿಸಬೇಡಿ. ಈ ಕೊನೆಯ ಮಾತು ನಿಮ್ಮ ಮನೆಯವರ ಜೀವಕ್ಕೆ ಸಂಬಂಧಿಸಿದ್ದು, ಅದಕ್ಕೆ ಬರುತ್ತೇನೆ.

ಲೈವ್ ರಾಕ್‌ನಲ್ಲಿ ಕಲ್ಲಿಗೆ ಜೀವ ಇರುವುದಿಲ್ಲ. ಅದು ಸತ್ತ ಹವಳದ ಅಸ್ಥಿ, ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಜೀವ ಇರುವುದು ಅದರ ಮೇಲೆ ಮತ್ತು ಅದರ ತೂತುಗಳ ಒಳಗೆ. ಮೀನಿನ ಹೊಲಸು, ಉಳಿದ ಆಹಾರ ಕೊಳೆತಾಗ ಅಮೋನಿಯಾ ಬರುತ್ತದೆ ಅಲ್ವಾ? ಕಲ್ಲಿನ ಮೇಲ್ಮೈಯಲ್ಲಿರುವ ಬ್ಯಾಕ್ಟೀರಿಯಾ ಆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇವುಗಳಿಗೆ ಆಮ್ಲಜನಕ ಬೇಕು. ಕಲ್ಲಿನ ಆಳದ ಸಣ್ಣ ತೂತುಗಳಿಗೆ ಆಮ್ಲಜನಕ ತಲುಪುವುದಿಲ್ಲ. ಅಲ್ಲಿ ಬೇರೆ ಬ್ಯಾಕ್ಟೀರಿಯಾ ಇರುತ್ತವೆ. ಅವು ನೈಟ್ರೇಟನ್ನು ಸಾರಜನಕದ ಅನಿಲ ಮಾಡಿ ನೀರಿನಿಂದ ಹೊರಗೆ ಕಳಿಸುತ್ತವೆ. ಇವುಗಳ ಜೊತೆಗೆ ಕಣ್ಣಿಗೆ ಕಾಣುವ ಜೀವಗಳೂ ಇವೆ. ನೇರಳೆ, ಗುಲಾಬಿ ಬಣ್ಣದ ಕೊರಲೈನ್ ಪಾಚಿ, ಚುಕ್ಕಿಯಂಥ ಕೋಪೆಪಾಡ್, ಸಣ್ಣ ಹುಳು, ಸ್ಪಂಜು.

ಹಾಗಾಗಿ ಕಲ್ಲು ಆರಿಸುವಾಗ ನೀವು ದುಡ್ಡು ಕೊಡುತ್ತಿರುವುದು ತೂತುಗಳಿಗೆ. ಬ್ಯಾಕ್ಟೀರಿಯಾಗಳನ್ನು ಆಮೇಲೆ ತರಬಹುದು, ಬೆಳೆಸಬಹುದು. ತೂತಿಲ್ಲದ ಕಲ್ಲಿಗೆ ತೂತು ತರಿಸಲಾಗುವುದಿಲ್ಲ.

ಇದೇ ಕಾರಣಕ್ಕೆ ನಮ್ಮ ಕಡೆಯ ಕಲ್ಲುಗಳು ಈ ಕೆಲಸಕ್ಕೆ ಬರುವುದಿಲ್ಲ. ಬಳ್ಳಾರಿ ಕೋಟೆ ಗುಡ್ಡದ್ದು, ಆನೆಗೊಂದಿಯದ್ದು, ರಾಯಚೂರಿನದ್ದು ಎಲ್ಲಾ ಗ್ರಾನೈಟ್ ಜಾತಿ. ನೀರಿಗೆ ವಿಷವೇನೂ ಬಿಡುವುದಿಲ್ಲ. ಆದರೆ ಗಟ್ಟಿ, ಒಳಗೆ ಜಾಗವೇ ಇಲ್ಲ. ಐದು ಕೆಜಿ ಗ್ರಾನೈಟ್ ಹಾಕಿದರೆ ಹೊರಮೈ ಮಾತ್ರ ಕೆಲಸಕ್ಕೆ ಬರುತ್ತದೆ. ಮನೆಯ ನೆಲಕ್ಕೆ ಹಾಕುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ವಿನೆಗರ್ ಹನಿ ಹಾಕಿದರೆ ನೊರೆ ಬರುತ್ತದೆ. ಆದರೆ ಅದೂ ಪದರ ಪದರವಾಗಿ ಗಟ್ಟಿ. ಎರೆ ಹೊಲದಲ್ಲಿ ಸಿಗುವ ಸುಣ್ಣದ ಹರಳಿಗೂ ನೊರೆ ಬರುತ್ತದೆ, ಅದರೊಳಗೆ ಮಣ್ಣು ಸೇರಿಕೊಂಡಿರುತ್ತದೆ, ಗೊಬ್ಬರದ ಅಂಶವೂ ಇರಬಹುದು. ವಿನೆಗರ್ ಪರೀಕ್ಷೆ ಸುಣ್ಣ ಇದೆಯೋ ಇಲ್ಲವೋ ಅಷ್ಟೇ ಹೇಳುತ್ತದೆ. ಕಲ್ಲು ಸುರಕ್ಷಿತ ಅಂತ ಹೇಳುವುದಿಲ್ಲ.

ಸಂಡೂರಿನ ಕಲ್ಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ನಿಮ್ಮ ಗೆಳೆಯರ ಮಾತಿನ ಹಿಂದೆ ಒಂದು ಅರ್ಧ ಸತ್ಯ ಇರಬಹುದು. ರೀಫ್ ಟ್ಯಾಂಕಿನಲ್ಲಿ ಫಾಸ್ಫೇಟ್ ತೆಗೆಯಲು ಕಬ್ಬಿಣದ ಆಕ್ಸೈಡ್ ಹರಳುಗಳನ್ನು ನಿಜವಾಗಿಯೂ ಬಳಸುತ್ತಾರೆ. ಜಿಎಫ್‌ಒ ಅಂತ ಅಂಗಡಿಯಲ್ಲಿ ಕೇಳಿರುತ್ತೀರಿ, ತುಕ್ಕಿನ ಬಣ್ಣದ ಕಾಳು. ಅದು ಇದೇ ಕೆಲಸಕ್ಕೆ ತಯಾರಿಸಿದ ಮಾಲು, ಚಿಕ್ಕ ಚೀಲದಲ್ಲೋ ರಿಯಾಕ್ಟರ್ ಅನ್ನುವ, ನೀರು ಹಾಯಿಸುವ ಡಬ್ಬಿಯಲ್ಲೋ ಹಾಕಿ ಅಳತೆಯಲ್ಲಿ ಬಳಸುವಂಥದ್ದು. ಗುಡ್ಡದ ಅದಿರು ಹಾಗಲ್ಲ. ಸಂಡೂರಿನಲ್ಲಿ ಕಬ್ಬಿಣದ ಜೊತೆ ಮ್ಯಾಂಗನೀಸ್ ಕೂಡ ಇದೆ, ಇನ್ನೂ ಏನೇನು ಲೋಹ ಸೇರಿದೆಯೋ ಕಲ್ಲು ನೋಡಿ ಹೇಳಲಾಗದು. ಸಿಗಡಿ, ಬಸವನಹುಳು, ಹವಳ ಇವೆಲ್ಲಾ ಲೋಹಗಳಿಗೆ ಬಹಳ ಸೂಕ್ಷ್ಮ. ಜೊತೆಗೆ ಹೆಮಟೈಟ್ ಕಲ್ಲು ಗ್ರಾನೈಟಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಗಾಜಿನ ತಳಕ್ಕೆ ಅಷ್ಟು ಭಾರ ಹೇರಿ ಸಿಗುವುದೇನು? ತೂತಂತೂ ಇಲ್ಲ.

ಇನ್ನು ನಿಮ್ಮ ಭಾವನವರ ರಾಮೇಶ್ವರದ ಕಲ್ಲು. ಅವರು ಪ್ರೀತಿಯಿಂದ ಹೇಳಿದ್ದಾರೆ, ಆದರೆ ದಯವಿಟ್ಟು ತರಬೇಡಿ ಅಂತ ಇವತ್ತೇ ಫೋನ್ ಮಾಡಿ. ಗಟ್ಟಿ ಅಸ್ಥಿಯ ಎಲ್ಲಾ ಹವಳಗಳೂ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿಯೂ ಅದೇ. ಸತ್ತ ಹವಳವಾದರೂ, ದಡಕ್ಕೆ ಬಿದ್ದ ತುಂಡಾದರೂ, ಎತ್ತಿಕೊಂಡು ಬಂದು ಇಟ್ಟುಕೊಳ್ಳುವಂತಿಲ್ಲ. ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. ಬ್ಯಾಗಿನಲ್ಲಿ ನಾಲ್ಕು ತುಂಡು ಹಾಕಿಕೊಂಡು ರೈಲು ಹತ್ತುವವರಿಗೆ ಇದು ಗೊತ್ತೇ ಇರುವುದಿಲ್ಲ.

ಕಾನೂನು ಬಿಟ್ಟು ಹೇಳಿದರೂ ನನ್ನ ಮಾತು ಅದೇ. ರಾಮೇಶ್ವರದಿಂದ ತೂತ್ತುಕುಡಿವರೆಗಿನ ಮನ್ನಾರ್ ಕೊಲ್ಲಿಯಲ್ಲಿ 21 ಪುಟ್ಟ ದ್ವೀಪಗಳನ್ನು ಸೇರಿಸಿ 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ ಮಾಡಿದರು. ಅವುಗಳಲ್ಲಿ ಎರಡು ದ್ವೀಪಗಳು ಈಗ ನೀರಿನಡಿ ಹೋಗಿವೆ. ಸುಣ್ಣಕ್ಕಾಗಿ ವರ್ಷಗಟ್ಟಲೆ ಹವಳದ ಕಲ್ಲು ಕಿತ್ತಿದ್ದು ಅದಕ್ಕೆ ಒಂದು ಮುಖ್ಯ ಕಾರಣ. ಹವಳದ ದಿಬ್ಬ ಅಲೆಯ ಹೊಡೆತ ತಡೆಯುತ್ತದೆ, ಅದನ್ನು ಕಿತ್ತರೆ ದ್ವೀಪವೇ ಕರಗುತ್ತದೆ. ನಮ್ಮ ರಾಜ್ಯದಲ್ಲೇ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಅಲ್ಲಿಂದ ತಂದರೂ ತಪ್ಪೇ. ರೀಫ್ ಟ್ಯಾಂಕ್ ಇಡುವ ಆಸೆ ಹುಟ್ಟುವುದೇ ಆ ಚೆಂದ ನೋಡಿ. ಆ ಚೆಂದವನ್ನು ಕಿತ್ತು ತಂದು ಮನೆಯಲ್ಲಿಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಹಾಗಿದ್ದರೆ ಯಾವ ಒಣ ಕಲ್ಲು? ಎರಡು ಬಗೆ ಇವೆ. ಒಂದು, ಸೆರಾಮಿಕ್ ಅಥವಾ ಸಿಮೆಂಟಿನಂಥ ಮಿಶ್ರಣದಿಂದ ಮನುಷ್ಯರೇ ಮಾಡಿದ್ದು. ಇನ್ನೊಂದು, ಲಕ್ಷಾಂತರ ವರ್ಷಗಳ ಹಿಂದೆ ಸಮುದ್ರವಾಗಿದ್ದು ಈಗ ಒಣನೆಲವಾಗಿರುವ ಜಾಗದಲ್ಲಿ ಅಗೆದು ತೆಗೆದ ಹಳೆಯ ಹವಳದ ಕಲ್ಲು. ಇದು ಹೊರದೇಶದಿಂದ ಬರುತ್ತದೆ. ಎರಡೂ ಒಳ್ಳೆಯವೇ. ನಾನು ನಿಮಗೆ ಸೆರಾಮಿಕ್ ತೆಗೆದುಕೊಳ್ಳಿ ಅನ್ನುತ್ತೇನೆ. ಮೂಲದ ಬಗ್ಗೆ ತಕರಾರಿಲ್ಲ, ಫಾಸ್ಫೇಟ್ ಕಾಟವೂ ಕಡಿಮೆ. ಯಾವುದೇ ಆಗಲಿ, ಬಿಲ್ ಕೇಳಿ. ಬಿಲ್ಲಿನಲ್ಲಿ ಏನು ಮಾಲು ಅಂತ ಬರೆದಿರಬೇಕು. ಬಿಳಿ ಬಿಳಿಯಾಗಿ, ಕೊಂಬೆ ಕೊಂಬೆಯಾಗಿ, ಹೂವಿನ ಹಾಗೆ ಗುರುತು ಇರುವ ತುಂಡುಗಳನ್ನು ಡ್ರೈ ರಾಕ್ ಅಂತ ಯಾರಾದರೂ ತೋರಿಸಿದರೆ ಅವು ಸಮುದ್ರದಿಂದ ಕಿತ್ತ ಹವಳವೇ ಇರಬಹುದು. ಅಲ್ಲಿಂದ ಎದ್ದು ಬನ್ನಿ.

ನಿಮಗೆ ರೇಟು ಹೇಳಿದ ಬೆಂಗಳೂರಿನವರಿಗೂ ಒಂದೇ ಪ್ರಶ್ನೆ ಕೇಳಿ: ಈ ಕಲ್ಲು ಎಲ್ಲಿಂದ ಬಂತು? ಸಮುದ್ರದಿಂದ ಅಂದರೆ ಬೇಡ. ಒಣ ಸೆರಾಮಿಕ್ ಕಲ್ಲನ್ನೇ ತಿಂಗಳುಗಟ್ಟಲೆ ತಮ್ಮ ಟ್ಯಾಂಕಿನಲ್ಲಿಟ್ಟು ಜೀವ ಬರಿಸಿದ್ದೇವೆ ಅಂದರೆ ಅದು ಒಳ್ಳೆಯ ಮಾಲು, ಸ್ವಲ್ಪ ದುಬಾರಿಯಾದರೂ ತೊಂದರೆಯಿಲ್ಲ. ಆದರೆ ಐದೂ ಕೆಜಿ ಅದನ್ನೇ ಕೊಳ್ಳುವ ಅಗತ್ಯವಿಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಒಂದು ತುಂಡು ಸಾಕು. ಉಳಿದ ಒಣ ಕಲ್ಲಿಗೆ ಅದರಿಂದಲೇ ಬ್ಯಾಕ್ಟೀರಿಯಾ, ಕೋಪೆಪಾಡ್, ಕೊರಲೈನ್ ಹಬ್ಬುತ್ತವೆ. ಕಲ್ಲಿನ ಚೂರು ಸಿಗದಿದ್ದರೆ ಹಳೆಯ ರೀಫ್ ಟ್ಯಾಂಕಿನ ಸಂಪ್‌ನಲ್ಲಿ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಬಿದ್ದಿರುವ ಸೆರಾಮಿಕ್ ರಿಂಗ್ ಒಂದು ಹಿಡಿ ಕೇಳಿ ಪಡೆಯಿರಿ. ಬ್ಯಾಕ್ಟೀರಿಯಾಕ್ಕೆ ಅದೂ ಅಷ್ಟೇ ಚೆನ್ನ.

ಒಣ ಕಲ್ಲು ಕೈಗೆ ಸಿಕ್ಕಾಗ ಏನು ನೋಡಬೇಕು? ಎತ್ತಿ ನೋಡಿ. ಗಾತ್ರಕ್ಕೆ ಹೋಲಿಸಿದರೆ ಹಗುರ ಅನ್ನಿಸಬೇಕು. ಒಂದು ಚಮಚ ನೀರು ಹಾಕಿ. ಒಳಗೆ ಹೀರಿಕೊಂಡರೆ ಒಳ್ಳೆಯದು, ಮೇಲಿಂದ ಜಾರಿ ಹೋದರೆ ಅಷ್ಟಕ್ಕಷ್ಟೇ. ನೇರಳೆ ಬಣ್ಣ ನೋಡಿ ಮರುಳಾಗಬೇಡಿ. ಎಷ್ಟೋ ಒಣ ಕಲ್ಲಿಗೆ ಬಣ್ಣ ಹಾಕಿಯೇ ಮಾರುತ್ತಾರೆ. ಬಣ್ಣದಿಂದ ಕೇಡಿಲ್ಲ, ಆದರೆ ಅದು ಜೀವದ ಗುರುತಲ್ಲ. ನಿಜವಾದ ಕೊರಲೈನ್ ಬಿಲ್ಲೆ ಬಿಲ್ಲೆಯಾಗಿ, ಗಾಢ, ತಿಳಿ ಬಣ್ಣಗಳಲ್ಲಿ ಹಬ್ಬಿರುತ್ತದೆ. ಎಲ್ಲಾ ಮಗ್ಗುಲಲ್ಲೂ, ತಳದಲ್ಲೂ ಒಂದೇ ಸಮ ನೇರಳೆ ಇದ್ದರೆ ಅದು ಹಾಕಿದ ಬಣ್ಣ.

ಲೆಕ್ಕಕ್ಕೆ ಬರೋಣ. ನಿಮ್ಮ ಟ್ಯಾಂಕಿನಲ್ಲಿ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಹಳೆಯ ಕಾಲದ ಲೆಕ್ಕದಲ್ಲಿ ಎಂಟು ಲೀಟರಿಗೆ ಒಂದು ಕೆಜಿ, ಅಂದರೆ ಏಳು ಕೆಜಿ ಬೇಕಾಗುತ್ತದೆ. ಆ ಲೆಕ್ಕ ಭಾರದ ಕಲ್ಲಿನ ಕಾಲದ್ದು. ಹಗುರವಾದ, ತೂತು ಜಾಸ್ತಿ ಇರುವ ಕಲ್ಲಿಗೆ ತೂಕದ ಲೆಕ್ಕ ಹೊಂದುವುದಿಲ್ಲ. ಕಣ್ಣಳತೆ ಇಟ್ಟುಕೊಳ್ಳಿ. ಎದುರಿನಿಂದ ನೋಡಿದರೆ ಕಲ್ಲು ಟ್ಯಾಂಕಿನ ಮೂರನೇ ಒಂದು ಭಾಗ ಕಾಣಬೇಕು, ಅದಕ್ಕಿಂತ ಜಾಸ್ತಿ ಬೇಡ. ಹವಳ ಬೆಳೆಯಲು ಜಾಗ ಬೇಕು, ಮೀನು ಓಡಾಡಲು ಜಾಗ ಬೇಕು, ನಿಮ್ಮ ಕೈ ಒಳಗೆ ಹೋಗಿ ಗಾಜು ಒರೆಸಲೂ ಜಾಗ ಬೇಕು. ಇಷ್ಟು ಸಣ್ಣ ಟ್ಯಾಂಕಿನಲ್ಲಿ ಕಲ್ಲು ಎಷ್ಟೇ ಇದ್ದರೂ ನೈಟ್ರೇಟ್ ಪೂರ್ತಿ ಇಳಿಯುತ್ತದೆ ಅನ್ನುವ ಭರವಸೆ ಬೇಡ. ವಾರಕ್ಕೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸುವ ಕೆಲಸ ತಪ್ಪುವುದಿಲ್ಲ. ಫಿಲ್ಟರಿನಲ್ಲಿ ಜಾಗ ಇದ್ದರೆ ಸೆರಾಮಿಕ್ ರಿಂಗ್ ತುಂಬಿ, ಅದು ಕಲ್ಲಿಗೆ ಆಸರೆಯಾಗುತ್ತದೆ.

ಹದಿನೈದು ಸಣ್ಣ ಚೂರು ಬೇಡ. ಎರಡು ದೊಡ್ಡ ತುಂಡು, ಒಂದು ನಡುಗಾತ್ರದ್ದು, ಕೆಲವು ಚೂರು. ಹಿಂದಿನ ಗಾಜಿಗೆ ಒರಗಿಸಿ ಗೋಡೆ ಕಟ್ಟಬೇಡಿ. ಅದರ ಹಿಂದೆ ನೀರು ಆಡುವುದಿಲ್ಲ, ಹೊಲಸು ಕೂರುತ್ತದೆ, ತೆಗೆಯಲು ಕೈ ಹೋಗುವುದಿಲ್ಲ. ಸುತ್ತ ಮೂರು ನಾಲ್ಕು ಬೆರಳಿನಷ್ಟು ಜಾಗ ಬಿಡಿ. ಕಲ್ಲನ್ನು ಮೊದಲು ನೇರ ಗಾಜಿನ ತಳದ ಮೇಲೆ ಕೂರಿಸಿ, ಮರಳು ಆಮೇಲೆ ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ ಗೋಬಿ ಮೀನೋ ಸಿಗಡಿಯೋ ಅಡಿಯಲ್ಲಿ ಕೊರೆದಾಗ ಕಲ್ಲು ಜಾರಿ ಗಾಜಿಗೆ ಬಡಿಯುತ್ತದೆ. ತುಂಡುಗಳನ್ನು ಸೂಪರ್‌ಗ್ಲೂ ಜೆಲ್‌ನಿಂದ ಅಂಟಿಸಬಹುದು. ನೀರಿಗೆ ಬಿದ್ದರೂ ಅದು ಗಟ್ಟಿಯಾಗುತ್ತದೆ, ಪ್ರಾಣಿಗಳಿಗೆ ತೊಂದರೆಯಿಲ್ಲ. ಹವಳದ ತುಂಡು ಕೂರಿಸಲೂ ಇದೇ ಅಂಟು ಬಳಸುತ್ತಾರೆ.

ಈಗ ಬಳ್ಳಾರಿಯ ಮಾತು. ಬೆಂಗಳೂರಿನವರು ಕೊಡುವ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ, ಅಲ್ಲಿ ಈ ಬಿಸಿಲಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುತ್ತದೆ. ಜೀವಂತ ಕಲ್ಲು ದಾರಿಯಲ್ಲೇ ಬೆಂದರೆ ಸ್ಪಂಜು, ಹುಳು ಎಲ್ಲಾ ಸತ್ತು ಕೊಳೆಯುತ್ತವೆ. ನೀವು ತಂದದ್ದು ಜೀವ ಇರುವ ಕಲ್ಲು ಅಲ್ಲ, ಕೊಳೆತ ಕಲ್ಲು ಅಂತಾಗುತ್ತದೆ. ಹಾಗಾಗಿ ಜೀವಂತ ಚೂರನ್ನು ನವೆಂಬರಿನಿಂದ ಫೆಬ್ರವರಿ ಒಳಗೆ ತರಿಸಿ. ಒಣ ಕಲ್ಲಿಗೆ ಈ ಚಿಂತೆ ಇಲ್ಲ, ಯಾವಾಗ ಬೇಕಾದರೂ ಬರಲಿ. ನಮ್ಮ ಊರಿನವರಿಗೆ ಒಣ ಕಲ್ಲೇ ಸರಿ ಅಂತ ನಾನು ಒತ್ತಿ ಹೇಳುವುದಕ್ಕೆ ಇದು ದೊಡ್ಡ ಕಾರಣ.

ಬೆಂಗಳೂರಿನಿಂದ ತರಿಸುವುದಾದರೆ ರಾತ್ರಿ ಬಸ್ಸಿಗೆ ಹಾಕಿಸಿ, ಬೆಳಗ್ಗೆ ನೀವೇ ಹೋಗಿ ಇಳಿಸಿಕೊಳ್ಳಿ. ಥರ್ಮಾಕೋಲ್ ಡಬ್ಬಿಯಲ್ಲಿರಲಿ. ಕಲ್ಲನ್ನು ನೀರು ತುಂಬಿದ ಕವರಿನಲ್ಲಿ ಮುಳುಗಿಸಿ ಕಳಿಸುವುದು ಬೇಡ. ಮುಚ್ಚಿದ ನೀರಿನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಉಪ್ಪುನೀರಿನಲ್ಲಿ ನೆನೆಸಿದ ಪೇಪರ್ ಸುತ್ತಿ, ಕವರಿನಲ್ಲಿ ಗಾಳಿಯಾಡುವ ಹಾಗೆ ಕಳಿಸಬೇಕು. ಒದ್ದೆಯಾಗಿದ್ದರೆ ಬ್ಯಾಕ್ಟೀರಿಯಾ ಒಂದು ದಿನ ಆರಾಮಾಗಿ ತಡೆಯುತ್ತವೆ. ಗಾಳಿಗೆ ಬಂದ ಸ್ಪಂಜು ಮಾತ್ರ ಬಹುಪಾಲು ಸಾಯುತ್ತದೆ, ಅದು ಅನಿವಾರ್ಯ. ಡಬ್ಬಿ ತೆರೆದಾಗ ಸಮುದ್ರದ ವಾಸನೆ ಬಂದರೆ ಸರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಲ್ಲನ್ನು ನೇರ ಟ್ಯಾಂಕಿಗೆ ಹಾಕಬೇಡಿ.

ಜೀವಂತ ಕಲ್ಲಿನ ಜೊತೆ ಕರೆಯದ ಅತಿಥಿಗಳೂ ಬರುತ್ತವೆ. ಅತಿ ದೊಡ್ಡ ಕಾಟ ಐಪ್ಟೇಸಿಯಾ. ಕಂದು ಬಣ್ಣದ, ಪಾರದರ್ಶಕ ಎಳೆಗಳ ಸಣ್ಣ ಅನಿಮೋನ್ ಇದು. ಮುಟ್ಟಿದರೆ ತಟ್ಟನೆ ತೂತಿಗೆ ಇಳಿಯುತ್ತದೆ. ಕೆರೆದು ತೆಗೆಯಲು ಹೋದರೆ ಉಳಿದ ಒಂದೊಂದು ಚೂರಿನಿಂದಲೂ ಹೊಸದು ಹುಟ್ಟುತ್ತದೆ. ಪಕ್ಕದ ಹವಳವನ್ನು ಕುಟುಕಿ ಸಾಯಿಸುತ್ತದೆ. ಒಂದೆರಡು ಇದ್ದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಪಂಪ್ ನಿಲ್ಲಿಸಿ, ಸಿರಿಂಜಿನಿಂದ ಅದರ ಬಾಯಿಗೇ ಹಾಕಿ. ರಾಸಾಯನಿಕವಾಗಿ ಇದು ನಮ್ಮ ಎಲೆ ಅಡಿಕೆಯ ಸುಣ್ಣವೇ. ಆದರೆ ಅಂಗಡಿಯ ಸುಣ್ಣದಲ್ಲಿ ಬೇರೆ ಏನಾದರೂ ಬೆರೆತಿರಬಹುದು, ಅಕ್ವೇರಿಯಂಗೆ ಅಂತಲೇ ಮಾರುವ ಶುದ್ಧ ಪುಡಿ ತನ್ನಿ. ಒಮ್ಮೆಗೆ ಒಂದೆರಡಕ್ಕೆ ಮಾತ್ರ ಹಾಕಿ, ಜಾಸ್ತಿ ಹಾಕಿದರೆ ಸಣ್ಣ ಟ್ಯಾಂಕಿನ ಪಿಎಚ್ ಏರಿಬಿಡುತ್ತದೆ. ಪೆಪ್ಪರ್‌ಮಿಂಟ್ ಸಿಗಡಿ ಕೂಡ ಇದನ್ನು ತಿನ್ನುತ್ತದೆ.

ಹಸಿರು ಮಣಿಯ ಹಾಗೆ ಹೊಳೆಯುವುದು ಬಬಲ್ ಪಾಚಿ. ಒಡೆಯದೆ, ಬುಡ ಸಮೇತ ಕಿತ್ತು ಹೊರಗೆ ತೆಗೆಯಿರಿ. ರಾತ್ರಿ ಟ್ಯಾಂಕಿನಿಂದ ಚಟ್ ಚಟ್ ಸದ್ದು ಬಂದರೆ ಮ್ಯಾಂಟಿಸ್ ಸಿಗಡಿಯೋ ಪಿಸ್ತೂಲ್ ಸಿಗಡಿಯೋ ಇದೆ. ಮ್ಯಾಂಟಿಸ್ ಆದರೆ ಮೀನಿಗೆ ಅಪಾಯ, ಆ ಕಲ್ಲನ್ನೇ ಹೊರತೆಗೆದು ಹಿಡಿಯಬೇಕು. ಮೈತುಂಬ ಬಿರುಗೂದಲಿರುವ ಬ್ರಿಸಲ್ ಹುಳು ಕಂಡರೆ ಹೆದರಬೇಡಿ. ಬಹುಪಾಲು ಅವು ಉಳಿದ ಆಹಾರ ತಿಂದು ಟ್ಯಾಂಕ್ ಸ್ವಚ್ಛ ಮಾಡುತ್ತವೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಕೂದಲು ಚರ್ಮಕ್ಕೆ ಚುಚ್ಚಿಕೊಂಡರೆ ಬಹಳ ಹೊತ್ತು ಉರಿಯುತ್ತದೆ. ಇದಕ್ಕೆಲ್ಲಾ ಒಳ್ಳೆಯ ದಾರಿ ಅಂದರೆ, ಚೂರು ತರುವ ಮೊದಲು ಆ ಟ್ಯಾಂಕಿನ ಮುಂದೆ ಅರ್ಧ ಗಂಟೆ ಕೂತು ನೋಡುವುದು. ಟ್ಯಾಂಕಿನಲ್ಲಿ ಐಪ್ಟೇಸಿಯಾ ಕಂಡರೆ ಪುಕ್ಕಟೆ ಕೊಟ್ಟರೂ ತರಬೇಡಿ.

ಕುದಿಸುವ ವಿಷಯ. ಜೀವಂತ ಕಲ್ಲಿನ ಮೇಲೆ ಝೋಆಂಥಿಡ್, ಪ್ಯಾಲಿಥೋವಾ ಅನ್ನುವ ಗುಂಡಿಯಂಥ ಜೀವಗಳು ಇರಬಹುದು. ಕೆಲವುಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತದೆ. ಕಲ್ಲು ಕುದಿಸಿದಾಗ, ಬಿಸಿನೀರು ಸುರಿದು ತಿಕ್ಕಿದಾಗ ಅದು ಆವಿಯ ಜೊತೆ ಗಾಳಿಗೆ ಸೇರುತ್ತದೆ. ಹೊರದೇಶಗಳಲ್ಲಿ ಹೀಗೆ ಮಾಡಿ ಮನೆಮಂದಿಯೆಲ್ಲಾ ಆಸ್ಪತ್ರೆ ಸೇರಿದ ಪ್ರಕರಣಗಳು ದಾಖಲಾಗಿವೆ. ಗ್ರಾನೈಟಿನಂಥ ಕಲ್ಲಿನ ಸೀಳಿನಲ್ಲಿ ನೀರು ಸಿಕ್ಕಿಕೊಂಡಿದ್ದರೆ ಕಾಯಿಸಿದಾಗ ಸಿಡಿಯಲೂಬಹುದು. ಅಡುಗೆಮನೆಗೆ ಯಾವ ಕಲ್ಲೂ ಬರಬಾರದು. ಕಲ್ಲು ಮುಟ್ಟುವಾಗ ಕೈಗವಸು ಹಾಕಿ, ಕೈಯಲ್ಲಿ ಗಾಯವಿದ್ದರೆ ಮುಟ್ಟಲೇಬೇಡಿ, ಕಣ್ಣಿಗೆ ಕೈ ಹಾಕಬೇಡಿ.

ಒಣ ಕಲ್ಲು ಕ್ಲೀನಾಗಿ ಕಂಡರೆ ಆರ್‌ಒ ನೀರಿನಲ್ಲಿ ಜಾಲಾಡಿಸಿದರೆ ಸಾಕು. ಹಳೆಯ ಟ್ಯಾಂಕಿನಿಂದ ಬಂದ, ಕಪ್ಪು ಕಲೆ, ಒಣಗಿದ ಪಾಚಿ ಇರುವ ಕಲ್ಲಾದರೆ ಒಂದು ಪಾಲು ಸುಗಂಧ ಬೆರೆಸದ ಬ್ಲೀಚ್, ಒಂಬತ್ತು ಪಾಲು ನೀರಿನಲ್ಲಿ ಒಂದು ದಿನ ಮುಳುಗಿಸಿ. ಆಮೇಲೆ ಚೆನ್ನಾಗಿ ತೊಳೆದು, ಆಂಟಿ ಕ್ಲೋರಿನ್ ಹಾಕಿದ ನೀರಿನಲ್ಲಿ ಇಟ್ಟು, ಬ್ಲೀಚ್ ವಾಸನೆ ಪೂರ್ತಿ ಹೋಗುವವರೆಗೆ ಮಾಳಿಗೆ ಮೇಲೆ ಬಿಸಿಲಿಗೆ ಹರವಿ. ನಮ್ಮ ಬಿಸಿಲು ಇಲ್ಲಿ ಒಂದು ವರ. ಬ್ಲೀಚ್ ಜೊತೆ ಬಾತ್‌ರೂಮ್ ಆಸಿಡ್ ಆಗಲಿ ವಿನೆಗರ್ ಆಗಲಿ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಸೆರಾಮಿಕ್ ಕಲ್ಲಿಗೆ ಇದ್ಯಾವುದೂ ಬೇಕಾಗುವುದಿಲ್ಲ.

ನೀರಿನ ಬಗ್ಗೆ ಒಂದು ಮಾತು ಹೇಳದೆ ಕಲ್ಲಿನ ಮಾತು ಮುಗಿಯದು. ನಮ್ಮ ಮೂರೂ ಜಿಲ್ಲೆಗಳಲ್ಲಿ ಬೋರ್ ನೀರು ಗಡಸು, ಎಷ್ಟೋ ಕಡೆ ಫ್ಲೋರೈಡ್ ಕೂಡ ಇದೆ. ತುಂಗಭದ್ರೆಯ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಎರಡನ್ನೂ ನೇರವಾಗಿ ಬಳಸಬೇಡಿ. ಫಾಸ್ಫೇಟ್, ಸಿಲಿಕೇಟ್ ಇರುವ ನೀರು ಹಾಕಿದರೆ ಎಷ್ಟು ಒಳ್ಳೆಯ ಕಲ್ಲೂ ಪಾಚಿಯ ಮುದ್ದೆಯಾಗುತ್ತದೆ, ಆಮೇಲೆ ನಾವು ಕಲ್ಲನ್ನು ಬೈಯುತ್ತೇವೆ. ಮನೆಯ ಕುಡಿಯುವ ಆರ್‌ಒ ನೀರು ಅರ್ಧ ದಾರಿ ಮಾತ್ರ. ರುಚಿಗಾಗಿ ಅದರಲ್ಲಿ ಸ್ವಲ್ಪ ಹಸಿ ನೀರು ಮತ್ತೆ ಬೆರೆಸುವ ವಾಲ್ವ್ ಇರುತ್ತದೆ. ಅದನ್ನು ಮುಚ್ಚಿಸಿ, ಮುಂದೆ ಒಂದು ಡಿಐ ರೆಸಿನ್ (ಉಳಿದ ಲವಣಗಳನ್ನು ಹೀರುವ ಕಾಳು) ಡಬ್ಬಿ ಹಾಕಿಸಿ. ನೀರಿನಲ್ಲಿ ಕರಗಿರುವ ಅಂಶ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಅಡುಗೆ ಉಪ್ಪು, ಕಲ್ಲುಪ್ಪು ಬೇಡ, ರೀಫ್ ಸಾಲ್ಟ್ ಮಿಕ್ಸ್ ಬೇಕು. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಅಂದರೆ ಸಾಂದ್ರತೆ ಸುಮಾರು 1.026. ಉಷ್ಣತೆ 25, 26 ಡಿಗ್ರಿ.

ಇನ್ನು ಸೈಕಲ್, ಅಂದರೆ ಮೀನು ಬಿಡುವ ಮೊದಲು ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಕೆಲಸ. ಕಲ್ಲು, ಉಪ್ಪುನೀರು, ಪಂಪ್ ಇಷ್ಟೇ ಹಾಕಿ ಟ್ಯಾಂಕ್ ಓಡಿಸಿ. ಮೀನು ಬೇಡ. ದೀಪವೂ ಬೇಡ, ದೀಪ ಹಾಕಿದರೆ ಪಾಚಿಗೆ ಹಬ್ಬ. ಜೀವಂತ ಚೂರು ದಾರಿಯಲ್ಲಿ ಬಳಲಿದ್ದರೆ ಅದನ್ನು ಬೇರೆ ಟಬ್ಬಿನಲ್ಲಿ, ಉಪ್ಪುನೀರು, ಏರ್ ಪಂಪ್ ಜೊತೆ, ಮನೆಯೊಳಗೆ ನೆರಳಿನಲ್ಲಿಡಿ. ಸತ್ತ ಸ್ಪಂಜನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ನೀರೊಳಗೇ ಮೆಲ್ಲಗೆ ತೆಗೆಯಿರಿ. ಆದರೆ ಗುಂಡಿಯಂಥ ಝೋಆಂಥಿಡ್ ಇರುವ ಕಲ್ಲಿಗೆ ಬ್ರಷ್ ಹಾಕಬೇಡಿ. ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಿ. ಅಮೋನಿಯಾ ಸೊನ್ನೆಗೆ ಬಂದ ಮೇಲೆ ಟ್ಯಾಂಕಿಗೆ ಹಾಕಿ. ಚೂರು ಆರೋಗ್ಯವಾಗಿದ್ದರೆ ನೇರವಾಗಿ ಹಾಕಬಹುದು. ಅದರ ಜೊತೆಗೆ ಅಕ್ವೇರಿಯಂಗೆ ಸಿಗುವ ಅಮೋನಿಯಂ ಕ್ಲೋರೈಡ್ ಹನಿ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷಕ್ಕೆ ಎರಡು ಪಾಲು) ತನ್ನಿ. ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಹೀಗೆ ಹಾಕಿದ ಅಮೋನಿಯಾ ಒಂದು ದಿನದೊಳಗೆ ಸೊನ್ನೆಗಿಳಿದು, ನೈಟ್ರೇಟ್ ಕಾಣಿಸಿದರೆ ಕಲ್ಲು ಕೆಲಸ ಶುರು ಮಾಡಿದೆ ಅಂತ ಲೆಕ್ಕ. ಸಾಮಾನ್ಯವಾಗಿ ಮೂರರಿಂದ ಆರು ವಾರ ಹಿಡಿಯುತ್ತದೆ.

ಒಣ ಕಲ್ಲಿನ ನಿಜವಾದ ಕಷ್ಟ ಇದರ ಆಮೇಲೆ ಬರುತ್ತದೆ. ಮೊದಲು ಕಂದು ಪುಡಿಯಂಥ ಡಯಾಟಮ್, ಆಮೇಲೆ ಹಸಿರು ಕೂದಲು ಪಾಚಿ. ಮೂರು ನಾಲ್ಕು ತಿಂಗಳು ಟ್ಯಾಂಕ್ ನೋಡಲು ಚೆನ್ನಾಗಿರುವುದಿಲ್ಲ. ಬಹಳ ಜನ ಇಲ್ಲೇ ಸೋತು ಟ್ಯಾಂಕ್ ಕಿತ್ತುಹಾಕುತ್ತಾರೆ, ನನಗೆ ಬೇಜಾರಾಗುವುದು ಇಲ್ಲಿಯೇ. ಕಲ್ಲಿನ ಖಾಲಿ ಮೈಯನ್ನು ಯಾರು ಹಿಡಿಯಬೇಕು ಅನ್ನುವ ಪೈಪೋಟಿ ಅದು. ಕೊರಲೈನ್, ಬ್ಯಾಕ್ಟೀರಿಯಾ ನಿಧಾನ, ಪಾಚಿ ಬೇಗ. ಅದಕ್ಕೇ ಆ ಒಂದು ಹಿಡಿ ಜೀವಂತ ಚೂರು ಬೇಕೇಬೇಕು ಅನ್ನುವುದು. ಕೆಲವು ಟರ್ಬೊ ಬಸವನಹುಳು ಬಿಡಿ, ದೀಪದ ಹೊತ್ತು ಕಡಿಮೆ ಮಾಡಿ, ಕೈಯಿಂದ ಪಾಚಿ ಕೀಳಿ. ಗಾಬರಿಯಾಗಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆ ಮಾಡಬೇಡಿ. ಹಾಗೆ ಮಾಡಿದರೆ ಡೈನೋಫ್ಲಾಜಲೇಟ್ ಅನ್ನುವ ಲೋಳೆಯಂಥ ಕಂದು ಪಿಡುಗು ಏಳುತ್ತದೆ, ಅದು ಕೂದಲು ಪಾಚಿಗಿಂತ ಕೆಟ್ಟದ್ದು. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಕೊರಲೈನ್ ಬೆಳೆಯಲು ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಕ್ಷಾರೀಯತೆ 8 ಡಿಕೆಎಚ್ (ಟೆಸ್ಟ್ ಕಿಟ್ ತೋರಿಸುವ ಅಳತೆ) ಆಸುಪಾಸು ಇರಬೇಕು.

ಬೇಸಿಗೆಯಲ್ಲಿ ಕಲ್ಲಿನ ಬಗ್ಗೆ ಇನ್ನೊಂದು ಎಚ್ಚರ. ಕರೆಂಟ್ ಹೋಗಿ ಪಂಪ್ ನಿಂತರೆ ಮೀನಿಗೆ ಮಾತ್ರ ಅಲ್ಲ, ಕಲ್ಲಿನ ಬ್ಯಾಕ್ಟೀರಿಯಾಕ್ಕೂ ಉಸಿರುಗಟ್ಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದು ಇರಲಿ, ಇನ್ವರ್ಟರ್ ಇದ್ದರೆ ಪಂಪನ್ನು ಅದಕ್ಕೆ ಜೋಡಿಸಿ. ನಮ್ಮ ಒಣ ಗಾಳಿಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮೇ ತಿಂಗಳಿಗೆ ಅಷ್ಟು ಸಾಲದು, ಟ್ಯಾಂಕ್ ಎಸಿ ಇರುವ ಕೋಣೆಯಲ್ಲಿರಲಿ ಅಥವಾ ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಇರಲಿ. ಫ್ಯಾನ್ ಇದ್ದರೆ ನೀರು ಬೇಗ ಆರುತ್ತದೆ, ಉಪ್ಪು ಆರುವುದಿಲ್ಲ. ದಿನವೂ ಉಪ್ಪಿಲ್ಲದ ಆರ್‌ಒ ಡಿಐ ನೀರು ತುಂಬಿಸಬೇಕು.

ಮೊದಲ ಹವಳಕ್ಕೆ ಕಲ್ಲು ಹಾಕಿ ಮೂರು ತಿಂಗಳಾದರೂ ಕಾಯಿರಿ. ಗಟ್ಟಿ ಅಸ್ಥಿಯ ಹವಳಕ್ಕೆ ಕಾನೂನಿನ ಮಾತು ಮೇಲೆ ಹೇಳಿದ್ದೇ. ಮಶ್ರೂಮ್, ಲೆದರ್ ಇಂಥ ಮೆತ್ತನೆ ಜಾತಿಯವು ಆ ಪಟ್ಟಿಯಲ್ಲಿಲ್ಲ. ಟ್ಯಾಂಕಿನಲ್ಲೇ ಬೆಳೆಸಿದ ತುಂಡುಗಳನ್ನು ಬಿಲ್ ಸಮೇತ ತನ್ನಿ. ಹೊಸ ಕಲ್ಲಿನ ಮೇಲೂ ಅವು ಚೆನ್ನಾಗಿ ಹಿಡಿಯುತ್ತವೆ. ಮೀನು ಅಂದರೆ ಒಂದು ಜೋಡಿ ಸಣ್ಣ ಕ್ಲೌನ್ ಮೀನು ಸಾಕು.

ದುಡ್ಡು ಕಡಿಮೆ ಬಿದ್ದರೆ ಕಲ್ಲಿನಲ್ಲಿ ಒಂದು ಕೆಜಿ ಕಡಿಮೆ ಮಾಡಿ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್, ಅಮೋನಿಯಾ ಟೆಸ್ಟ್ ಕಿಟ್ ಮತ್ತು ಡಿಐ ರೆಸಿನ್ ಬಿಡಬೇಡಿ. ಕಲ್ಲನ್ನು ಆಮೇಲೆ ಸೇರಿಸಬಹುದು. ಹಾಗೆ ಸೇರಿಸುವಾಗ ಹೊಸ ಒಣ ಕಲ್ಲನ್ನು ಒಂದೆರಡು ವಾರ ಬೇರೆ ಟಬ್ಬಿನಲ್ಲಿ ಉಪ್ಪುನೀರಿನಲ್ಲಿಟ್ಟು, ಫಾಸ್ಫೇಟ್ ಅಳೆದು ಹಾಕಿ.